ಶ್ವಾಸಕೋಶದ ಪಾಠ

ನನ್ನ ಲ್ಯಾಬಿನಲ್ಲಿ ಗದ್ದಲ ಮಾಡಿದವರ ಗ್ರಹಚಾರ ಬಿಡಿಸದೆ ನಾನು ಬಿಡುತ್ತಿರಲಿಲ್ಲ. ದಾಂಡೇಲಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಸೂಜಿ ಬಿದ್ದರೂ ಕೇಳಿಸಬೇಕು ಎನ್ನುವ ಪೈಕಿ.

ಆ ದಿನ ಶ್ವಾಸಕೋಶ ಕವಲೊಡೆಯುವ ಪಾಠ. ನಾನಾಗ ಐದು ತಿಂಗಳ ಬಸುರಿ. ಹಳಿಯಾಳದಿಂದ ತರಿಸಿದ, ಅಂಟು ಪಾಕದಂಥ ಜೋನಿಬೆಲ್ಲವನ್ನು ಎರಡು ಗಾಜುಗಳ ನಡುವೆ ಒತ್ತಿ, ಮೇಲಿನದನ್ನು ಮೆಲ್ಲಗೆ ಎತ್ತಿದೆ. ಅಂಚಿನಿಂದ ಗಾಳಿ ನುಗ್ಗಿ ಬೆಲ್ಲದೊಳಗೆ ಕವಲು ಕವಲಾಗಿ ಹರಡಿತು. ಶ್ವಾಸಕೋಶವೂ ಹೀಗೇನಾ ಎಂದು ಹುಡುಗಿಯೊಬ್ಬಳು ಕೇಳಿದಳು. ಪೂರ್ತಿ ಹೀಗಲ್ಲ ಎಂದೆ. ಗರ್ಭದಲ್ಲಿ ಆ ಕೊಳವೆಗಳ ತುಂಬ ಗಾಳಿಯಲ್ಲ, ನೀರು. ನೀರು ಒಳಗಿನಿಂದ ಒತ್ತುತ್ತದೆ, ಸುತ್ತಲಿನ ಅಂಗಾಂಶ ತಡೆಯುತ್ತದೆ. ಜೀವಕೋಶಗಳ ಸಂಕೇತಗಳೂ ಸೇರಿ, ಈ ಜಗ್ಗಾಟದಲ್ಲಿ ತುದಿ ಚಪ್ಪಟೆಯಾಗಿ ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ಮಗುವಿನ ಸುತ್ತಲಿನ ನೀರು ಸೋರಿಹೋದರೆ ಒಳಗಿನದೂ ನಿಲ್ಲುವುದಿಲ್ಲ, ಶ್ವಾಸಕೋಶ ಬೆಳೆಯುವುದಿಲ್ಲ.

ಇದನ್ನು ಹೇಳುತ್ತಿರುವಾಗಲೇ ನನ್ನ ಕಾಲಗುಂಟ ಬೆಚ್ಚಗೆ ನೀರಿಳಿಯಿತು.

ಏನೆಂದು ಗೊತ್ತಾಯಿತು. ಆದರೆ ಅಷ್ಟೊಂದು ಮಕ್ಕಳೆದುರು ನಾಚಿಕೆ. ಟೇಬಲ್ಲಿನ ಹಿಂದೆ ನಿಂತೇ ಇನ್ನೂ ಹತ್ತು ನಿಮಿಷ ಪಾಠ ಮಾಡಿ ಮುಗಿಸಿದೆ. ಆ ಹತ್ತು ನಿಮಿಷಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಮಕ್ಕಳು ಹೋದ ಮೇಲೆ ಗಾಜು ತೊಳೆಯಲು ಬಂದ, ಚಿಕ್ಕಮ್ಮನೆಂಬಂತೆ ಎಲ್ಲರೂ ಮಾವಶಿ ಎಂದೇ ಕರೆಯುವ ಅಟೆಂಡರ್ ನೆಲ ನೋಡಿದರು, ನನ್ನ ಮುಖ ನೋಡಿದರು.

“ಮೇಡಂ, ಇದು ನಳದ ನೀರಲ್ರಿ. ಮೊದಲ ಅಡ್ಡಾಗ್ರಿ, ನಾ ಗಾಡಿ ತರಸ್ತೇನಿ.”

ಧಾರವಾಡದ ಆಸ್ಪತ್ರೆಯವರೆಗೂ ಮಾವಶಿಯ ತೊಡೆಯ ಮೇಲೆ ನನ್ನ ತಲೆ. ಸೋರಿಕೆ ತಾನಾಗಿ ನಿಲ್ಲಬಹುದು, ನಿಲ್ಲದಿರಲೂಬಹುದು, ಹತ್ತು ನಿಮಿಷದಿಂದ ಏನೂ ಕೆಟ್ಟಿಲ್ಲ ಎಂದರು ಡಾಕ್ಟರು. ಮನೆಯವರು ಹರಕೆ ಹೊತ್ತು ಸಮಾಧಾನಪಟ್ಟುಕೊಂಡರು. ನನಗೆ ಆ ಭಾಗ್ಯವಿರಲಿಲ್ಲ. ಕಣ್ಣು ಮುಚ್ಚಿದರೆ ಒಡೆಯದೆ ಮುದುಡಿದ ಕವಲುಗಳೇ ಕಾಣುತ್ತಿದ್ದವು. ಪಾಠ ಮಾಡಿದವಳೇ ನಾನಲ್ಲವೇ?

ಮೂರನೇ ವಾರ ಸೋರಿಕೆ ನಿಂತಿತು. ನೀರು ಮೆಲ್ಲಗೆ ತುಂಬಿಕೊಂಡಿತು. ಆದರೂ ಶ್ವಾಸಕೋಶ ಹೇಗಿದೆಯೆಂದು ಹುಟ್ಟಿದ ಮೇಲೇ ಗೊತ್ತಾಗುವುದು ಎಂದರು ಡಾಕ್ಟರು. ಮಗಳು ತಿಂಗಳು ಮೊದಲೇ ಹುಟ್ಟಿದಳು. ಬೆಕ್ಕಿನ ಮರಿಯಂತೆ ಅತ್ತಳು, ಗಾಜಿನ ಪೆಟ್ಟಿಗೆಯಲ್ಲಿ ಮಲಗಿದಳು. ಅವಳ ಎದೆ ಏರಿಳಿಯುವುದನ್ನು ನೋಡುತ್ತ ನಾನು ಉಸಿರಾಡುವುದನ್ನೇ ಮರೆಯುತ್ತಿದ್ದೆ.

ಮರುವರ್ಷ ಮತ್ತದೇ ಪಾಠ. ಮನೆಯಲ್ಲಿ ಯಾರೂ ಇಲ್ಲದ್ದರಿಂದ ಮಗಳನ್ನು ಮಾವಶಿಯ ಕೈಗೆ ಕೊಟ್ಟು ಲ್ಯಾಬಿಗೆ ಬಂದಿದ್ದೆ. ‘ನೀರು ಸೋರಿಹೋದರೆ’ ಎನ್ನುವಲ್ಲಿಗೆ ಬಂದಾಗ ಒರೆಸಿದ್ದ ಗಾಜನ್ನೇ ಮತ್ತೆ ಒರೆಸತೊಡಗಿದೆ. ಅಷ್ಟರಲ್ಲಿ ಪಡಸಾಲೆಯಲ್ಲಿ ಮಗಳು ಇಡೀ ಕಾಲೇಜಿಗೆ ಕೇಳುವಂತೆ ಅರಚಿದಳು. ಹುಡುಗರು ನಕ್ಕರು, ಬೆಂಚು ಬಡಿದರು.

ನಾನು ಯಾರನ್ನೂ ಸುಮ್ಮನಿರಿಸಲಿಲ್ಲ.