ಆಂಟಿಯ ಅರಮನೆಗೆ ನಾನು ಹೊದಿಸಿದ ಸೂರು

ಕಣ್ಣು ಕಾಣದ ಒಬ್ಬ ಮುದುಕಿಗೆ ನಾನು ಸುಳ್ಳು ಹೇಳಿದೆ. ಅವರ ಮನೆ ಬೀಳುತ್ತಿತ್ತು — ಚೆನ್ನಾಗಿದೆ ಅಂದೆ. ಆ ಒಂದು ಮಾತಿನಿಂದ ಅವರಿಗೂ ಅವರಿಗಿದ್ದ ಒಬ್ಬನೇ ರಕ್ತಸಂಬಂಧಿಗೂ ಮಾತು ನಿಂತುಹೋಯಿತು. ಈಗ ಬ್ರಿಸ್ಬೇನಿನ ಟೂವಾಂಗ್ ಬಡಾವಣೆಯಲ್ಲಿ ಕೂತು ಇದನ್ನು ಬರೆಯುವಾಗ ಎದೆ ಹಗುರವಾಗಿದೆ. ಹಗುರವಾಗಿದೆ ಎನ್ನುವುದಕ್ಕೂ ನಾಚಿಕೆ — ಇರಲಿ, ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡ ಶ್ರೀಧರ ಇಂಜಿನಿಯರ್. ಮೈಸೂರಿನಿಂದ ಪರ್ತ್‌ಗೆ ಬಂದಿಳಿದು, ಅಲ್ಲಿಂದ ಅವನ ಕೆಲಸದ ಹಿಂದೆ ಅಡಿಲೇಡಿನ ಬ್ಲೇರ್ ಅಥಾಲ್ ಬಡಾವಣೆಗೆ ಹೋದೆವು. ಪಕ್ಕದ ಮನೆಯಲ್ಲಿ ಮರಿಯಾ ಆಂಟಿ ಒಬ್ಬರೇ ಇದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಕಣ್ಣು ಪೂರ್ತಿ ಹೋಗಿತ್ತು. ಮಧ್ಯಾಹ್ನ ನನ್ನನ್ನು ಕಾಫಿಗೆ ಕರೆಯುತ್ತಿದ್ದರು. ಕರೆಯುವುದು ಕಾಫಿಗೆ, ಬಡಿಸುವುದು ಅರಮನೆಯ ಕಥೆ!

ಆಲ್ಪ್ಸ್ ಪರ್ವತಗಳ ನಡುವಿನ ಸಣ್ಣ ಪಟ್ಟಣವೊಂದರ ಚೌಕದಲ್ಲಿ ಅವರ ಮನೆತನದ ಅರಮನೆ. ಉಪ್ಪಿನ ವ್ಯಾಪಾರದಲ್ಲಿ ದುಡ್ಡು ಮಾಡಿದ ಹಿರಿಯನೊಬ್ಬ ದೊರೆಯಿಂದ ಪದವಿ ಪಡೆದು ಕಟ್ಟಿಸಿದ್ದಂತೆ. ಕುದುರೆ ಹತ್ತುವಷ್ಟು ಅಗಲದ ಮೆಟ್ಟಿಲು. ಕೋಣೆಕೋಣೆಗೂ ಚಳಿ ಕಾಯಿಸಲು ಹೆಂಚಿನ ಒಲೆ. ಸೌದೆ ತುರುಕುವ ಬಾಯಿ ಮಾತ್ರ ಗೋಡೆಯಾಚೆ, ಆಳುಗಳು ಒಳಗೆ ಕಾಲಿಡಬಾರದೆಂದು. ಯುದ್ಧದಲ್ಲಿ ಸೈನಿಕರು ಬಂದು ಬೀಡುಬಿಟ್ಟು ಊಟದ ಮೇಜನ್ನೇ ಒಡೆದು ಆ ಒಲೆಗೆ ಹಾಕಿದರು. ಹಜಾರದ ಚಾವಣಿಯ ತುಂಬ ದ್ರಾಕ್ಷಿ ಕೊಯ್ಲಿನ ಚಿತ್ರ. ಮೈಸೂರಿನವಳಿಗೆ ಅರಮನೆ ಹೊಸದೇ? ಆದರೆ ಅರಮನೆಯ ಮೆಟ್ಟಿಲ ಕಟಕಟೆಯ ಮೇಲೆ ಜಾರಿ ಆಡಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆಂಟಿಯ ಆ ಅರಮನೆಯಲ್ಲಿ ಆಗ ಅವರ ಅಣ್ಣನ ಮಗ ಫ್ರಾಂಝ್ ಒಬ್ಬನೇ ಇದ್ದ. ಆಂಟಿಯೇ ಎತ್ತಿ ಆಡಿಸಿದವನು. ತಲೆ ನರೆತಿದ್ದರೂ ಅವರ ಬಾಯಲ್ಲಿ ಅವನು 'ನನ್ನ ಹುಡುಗ'. ಮನೆ ಇಬ್ಬರ ಹೆಸರಿನಲ್ಲಿತ್ತು. ಪ್ರತಿ ಭಾನುವಾರ ಅವನ ಫೋನ್ ಬರುತ್ತಿತ್ತು. ಒಂದು ಭಾನುವಾರ, ಚಾವಣಿ ಕುಸಿದಿದೆ, ಮಾರಿಬಿಡೋಣ ಎಂದ. ಆಂಟಿ ನಂಬಲಿಲ್ಲ. ಯಾರಿಂದಲಾದರೂ ನೋಡಿಸಿಕೊಳ್ಳಲಿ ಎಂದು ಅವನು ಫೋಟೊ ಕಳಿಸಿದ.

"ವಸು, ನೀನು ನೋಡಿ ಹೇಳು. ನಿನ್ನ ಕಣ್ಣನ್ನ ನಂಬ್ತೀನಿ," ಎಂದು ಆಂಟಿ ಆ ಫೋಟೊಗಳನ್ನು ನನ್ನ ಕೈಗಿಟ್ಟರು.

ಅರ್ಧ ಚಾವಣಿ ನೆಲಕ್ಕೆ ಬಿದ್ದಿತ್ತು. ಹಜಾರದೊಳಗೆ ಹಿಮ. ಮೆಟ್ಟಿಲ ಮೇಲೆ ಬಕೆಟ್ಟುಗಳ ಸಾಲು. ಆಂಟಿಯ ಮುಖ ನೋಡಿದೆ — ಕೇಳುವ ಮುಂಚೆಯೇ ನಗುತ್ತಿದ್ದರು.

"ಎಲ್ಲ ಹಾಗೇ ಇದೆ ಆಂಟಿ," ಅಂದೆ. "ದ್ರಾಕ್ಷಿ ಕೂಡ."

ನಮ್ಮಲ್ಲಿ ಹೀಗೇ ಅಲ್ಲವೇ — ವಯಸ್ಸಾದವರಿಗೆ, ದೂರ ಇರುವವರಿಗೆ ಕೆಟ್ಟ ಸುದ್ದಿ ನೇರವಾಗಿ ಹೇಳುವುದಿಲ್ಲ. ನಾನು ಪರ್ತ್‌ನಲ್ಲಿದ್ದಾಗ "ಅಪ್ಪಂಗೆ ಸ್ವಲ್ಪ ಸೀರಿಯಸ್ಸು, ಹೊರಟ್ಬಾ" ಎಂದು ಅಣ್ಣ ಫೋನ್ ಮಾಡಿದ್ದ. ಅಪ್ಪನ ಕಾಲಿಗೆ ಬೆಚ್ಚಗಿರಲಿ ಎಂದು ಕುರಿಯ ಉಣ್ಣೆಯ ಚಪ್ಪಲಿ ಕೊಂಡು ಹೊತ್ತುಕೊಂಡು ಹೋದೆ. ಫೋನ್ ಬರುವ ಹೊತ್ತಿಗೇ ಅಪ್ಪ ಹೋಗಿಯಾಗಿತ್ತು. ಆ ಚಪ್ಪಲಿ ಹಿಡಿದುಕೊಂಡೇ ಅಣ್ಣನ ಮೇಲೆ ಹರಿಹಾಯ್ದಿದ್ದೆ. ಅಷ್ಟು ನೋವು ಉಂಡವಳು ನಾನೂ ಅದನ್ನೇ — ಅದೂ ಇನ್ನೊಬ್ಬರ ಮನೆಯ ವಿಷಯದಲ್ಲಿ —

ಆಂಟಿ ನನ್ನೆದುರಿಗೇ ಅವನಿಗೆ ಫೋನ್ ಮಾಡಿದರು. ಅವರ ಭಾಷೆ ನನಗೆ ಬಾರದು, ಆದರೆ ಅರ್ಥವಾಗಲು ದನಿಯೇ ಸಾಕಾಗಿತ್ತು. ಫೋನ್ ಕುಕ್ಕಿ, "ಕುರುಡಿ ಅಂತ ಮೋಸ ಮಾಡೋಕೆ ಬಂದಿದಾನೆ. ಅವನು ಇನ್ನು ನನ್ನ ಪಾಲಿಗಿಲ್ಲ," ಎಂದರು.

ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಆಮೇಲಿನ ಭಾನುವಾರಗಳಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು, ಆಂಟಿ ಎತ್ತುತ್ತಿರಲಿಲ್ಲ. ಕೊನೆಗೆ ಅದು ಬಡಿದುಕೊಳ್ಳುವುದೂ ನಿಂತಿತು.

ನಾವು ಬ್ರಿಸ್ಬೇನಿಗೆ ಬಂದೆವು. ಶ್ರೀಧರನಿಗೆ ಹೇಳಿದಾಗ, "ನಿಂಗ್ಯಾಕೆ ಬೇಕಿತ್ತೇ ಈ ಉಸಾಬರಿ? ಈಗ ಸುಮ್ನಿದ್ಬಿಡು," ಎಂದ. ಸುಮ್ಮನಿದ್ದೆ, ವರ್ಷಗಟ್ಟಲೆ. ಆದರೆ ಭಾನುವಾರ ನಮ್ಮ ಮನೆಯ ಫೋನ್ ಸದ್ದಾದರೂ ಎತ್ತಲು ಶ್ರೀಧರನನ್ನೇ ಕಳಿಸುತ್ತಿದ್ದೆ. ತಡೆಯಲಾರದೆ ಒಂದು ದಿನ ಅಡಿಲೇಡಿಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತೆ.

"ಆಂಟಿ, ಆವತ್ತು ನಾನು ಹೇಳಿದ್ದು ಸುಳ್ಳು."

ಬೈಯಲಿ, ಹೊಡೆಯಲಿ ಎಂದು ಕಾದೆ. ಅವರು ತಡವುತ್ತ ಎದ್ದು, ಬಿಸ್ಕತ್ತಿನ ಡಬ್ಬಿಯಿಂದ ಆ ಫೋಟೊಗಳನ್ನು ತೆಗೆದು ನನ್ನತ್ತ ಚಾಚಿದರು. "ಈಗ ಇರೋದನ್ನ ಹೇಳು."

ಹೇಳಿದೆ. ಒಂದು ಬಕೆಟ್ಟನ್ನೂ ಬಿಡದೆ.

"ಹಜಾರದಲ್ಲಿ ಹಿಮ ಬಿದ್ದಿದೆಯಾ?"

"ಬಿದ್ದಿದೆ ಆಂಟಿ."

"ದ್ರಾಕ್ಷಿ?"

"ಇಲ್ಲ."

ಅವರು ದೀರ್ಘವಾಗಿ ಉಸಿರುಬಿಟ್ಟರು. "ಹಾಗಾದ್ರೆ ನನ್ನ ಹುಡುಗ ಸುಳ್ಳು ಹೇಳ್ಲಿಲ್ಲ."

ಮುಖ ಅರಳಿತ್ತು. ಅಯ್ಯೋ, ಅರಮನೆಗಾಗಿ ಅವರು ಒಂದು ಹನಿ ಕಣ್ಣೀರು ಹಾಕಲಿಲ್ಲ. ನಾನು ಇಷ್ಟು ವರ್ಷ ಕಾಪಾಡಿದ್ದು ಏನನ್ನು? ಆಮೇಲೆ ನನ್ನ ಕಡೆ ತಿರುಗಿ ಗಟ್ಟಿ ದನಿಯಲ್ಲಿ ಹೇಳಿದರು: "ನಿನ್ನನ್ನ ಕ್ಷಮಿಸ್ತೀನೋ ಇಲ್ವೋ, ಆಮೇಲೆ ನೋಡೋಣ. ಮೊದಲು ಅವನ ನಂಬರ್ ಒತ್ತು."

ಒತ್ತಿದೆ. ಆ ಕಡೆ ಗಂಡಸಿನ ದನಿ ಕೇಳಿದ ಕೂಡಲೇ ರಿಸೀವರನ್ನು ಅವರ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ಅತ್ತೆ. ಸಮಾಧಾನದ ಅಳು.

ಅರಮನೆ ಮಾರಾಟವಾಯಿತು. ಆಂಟಿ ಕ್ಷಮಿಸಿದೆ ಎಂದು ಇನ್ನೂ ಹೇಳಿಲ್ಲ, ನಾನು ಕೇಳಿಯೂ ಇಲ್ಲ. ಅವರಿಬ್ಬರೂ ಕಳೆದುಕೊಂಡ ಭಾನುವಾರಗಳಿಗೆ ಯಾವ ಬಾಯಿಂದ ಕ್ಷಮೆ ಕೇಳಲಿ? ಆದರೂ ಭಾನುವಾರ ಸಂಜೆ ಅವರಿಗೆ ಫೋನ್ ಮಾಡುತ್ತೇನೆ. ಲೈನ್ ಎಂಗೇಜ್ ಇರುತ್ತದೆ. ಆ ಸದ್ದನ್ನೇ ಸ್ವಲ್ಪ ಹೊತ್ತು ಕೇಳುತ್ತ ನಿಂತು, ಫೋನ್ ಇಡುತ್ತೇನೆ.