ಸದ್ದಿಲ್ಲದ ಡಬ್ಬ

ಸಾಂಗಲಿಯ ಅರಿಷಿಣ ಪೇಟೆಯಲ್ಲಿ ಗುರುಸಿದ್ಧಪ್ಪನವರ ಕಣ್ಣಿಗಿಂತ ಕಿವಿಗೆ ಹೆಚ್ಚು ಮರ್ಯಾದೆ. ಕಸಬೆ ಡಿಗ್ರಜದಿಂದಲೋ ಬೇಡಗದಿಂದಲೋ ಮಾಲು ಬಂತೆಂದರೆ ಚೀಲಕ್ಕೆ ಕೈಹಾಕಿ ಒಂದು ಕೊಂಬು ತೆಗೆದು, ಕಿವಿಯ ಹತ್ತಿರ ಹಿಡಿದು ಮುರಿಯುತ್ತಾರೆ. ಕಂಚು ತಟ್ಟಿದ ಹಾಗೆ ಠಣ್ ಎಂದರೆ ಚೆನ್ನಾಗಿ ಬೆಂದು ಒಣಗಿದ ಮಾಲು. ಧಪ್ ಎಂದರೆ ಒಳಗೆ ಹಸಿ; ಹೊರಗಿನ ಬಣ್ಣ ಎಷ್ಟೇ ಹೊಳೆಯಲಿ, ಅದು ಅವರ ಅಡತಿ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ತಂದೆಯ ಪಕ್ಕ ಕುಳಿತು ಕಲಿತ ವಿದ್ಯೆ, ಅರವತ್ತೆಂಟು ತುಂಬಿದರೂ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಕೈಕೊಟ್ಟದ್ದು ಮಿರಜದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ.

ಹೆಂಡತಿ ಸುಶೀಲಾಬಾಯಿಗೆ ನರಗಳು ಒಂದೊಂದಾಗಿ ಸೋಲುವ ರೋಗ. ಮೊದಲು ಬೆರಳು ಸೋತವು, ಆಮೇಲೆ ಕಾಲು, ಈಗ ಗಂಟಲಿನ ಸರದಿ. ದೀಪಾವಳಿಯವರೆಗೆ ಮಾತು ಉಳಿದರೆ ದೊಡ್ಡದು, ಏನಾದರೂ ಮಾತಾಡಿಕೊಳ್ಳುವುದಿದ್ದರೆ ಈಗಲೇ ಆಡಿಕೊಳ್ಳಿ ಎಂದು ಮಳೆಗಾಲದ ಮೊದಲಲ್ಲೇ ಡಾಕ್ಟರರು ಹೇಳಿಬಿಟ್ಟಿದ್ದರು. ನಲವತ್ತನಾಲ್ಕು ವರ್ಷ ಸಂಸಾರ ಮಾಡಿದವರಿಗೆ ಇದೆಂಥ ಅಪ್ಪಣೆ! ಇಷ್ಟು ದಿನ ಆಕೆ ಮಾತಾಡಿದ್ದರಲ್ಲಿ ಅರ್ಧವನ್ನು ಈ ಮಹಾರಾಯರು ಕಿವಿಗೇ ಹಾಕಿಕೊಂಡಿರಲಿಲ್ಲ. ಈಗ ಒಂದೊಂದು ಪಿಸುಮಾತೂ ಬೇಕೆನಿಸತೊಡಗಿತು. ಕರೆಯಲು ಅನುಕೂಲವಾಗಲೆಂದು ದೇವರ ಮನೆಯ ಗಂಟೆಯನ್ನು ತಂದು, ಕೈ ತಾಗಿದರೂ ಸದ್ದಾಗುವಂತೆ ಮಂಚದ ಪಕ್ಕ ಕಟ್ಟಿದರೆ ಆಕೆ ಬೇಡವೆಂದು ಕಣ್ಣಲ್ಲೇ ದೂರ ಸರಿಸಿದಳು.

"ಗಂಟಿ ಬಾರಿಸಿ ಕರಿಯಾಕ ನೀವೇನ ದೇವರೇನ್ರಿ?"

ಅಷ್ಟು ಹೇಳಲು ಆಕೆಗೆ ಮೂರು ಸಲ ಉಸಿರು ತೆಗೆದುಕೊಳ್ಳಬೇಕಾಯಿತು. ಗುರುಸಿದ್ಧಪ್ಪನವರಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಆಕೆಗೆ ಧ್ವನಿ ಇರುತ್ತಿದ್ದದ್ದು ಮಧ್ಯಾಹ್ನ ಊಟವಾದ ಮೇಲೆ ಒಂದೆರಡು ತಾಸು ಮಾತ್ರ. ಸರಿಯಾಗಿ ಆ ಹೊತ್ತಿಗೇ ಅದೇ ಕೋಣೆಯ ಮೂಲೆಯಲ್ಲಿ ಸೊಸೆ ಪ್ರಾಜಕ್ತಾಳ ಕಂಪ್ಯೂಟರ್ ಹಿಟ್ಟಿನ ಗಿರಣಿಯಂತೆ ಮೊರೆಯುತ್ತಿತ್ತು. ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು ಅವಳ ಕೆಲಸ. ಅತ್ತೆಯ ಔಷಧಿ ಬರುತ್ತಿದ್ದದ್ದೂ ಆ ಮದುವೆಗಳಿಂದಲೇ. ಒಂದು ಮದುವೆ ಸಿದ್ಧವಾಗಿ ಹೊರಬರಬೇಕಾದರೆ ಯಂತ್ರ ತಾಸುಗಟ್ಟಲೆ ನಡೆಯಬೇಕು, ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದ. ಮಹಡಿಯ ತಗಡಿನ ಕೋಣೆಗೆ ಒಯ್ದರೆ ಕಾದು ನಿಂತುಬಿಡುತ್ತದೆ. ಮೇಲಾಗಿ ಮಾವ ಪೇಟೆಗೆ, ಗಂಡ ಸೂರಜ ಕುಪವಾಡದ ಕಾರಖಾನೆಗೆ ಹೋದ ಮೇಲೆ ಅತ್ತೆಯ ಮೇಲೆ ಕಣ್ಣಿಡುವವಳು ಅವಳೊಬ್ಬಳೇ. ಯಾರನ್ನು ದೂರುವುದು?

ಉಪಾಯ ಹುಡುಕಿದವಳೂ ಪ್ರಾಜಕ್ತಾಳೇ. ಒಳಗಿನ ಫ್ಯಾನುಗಳನ್ನು ಬದಲಿಸಿ ದೊಡ್ಡ, ನಿಧಾನವಾಗಿ ತಿರುಗುವವನ್ನು ತರಿಸಿದಳು. ಉಳಿದದ್ದು ಹೊರಗಿನ ಡಬ್ಬ, ಅಂಗಡಿಯವರ ಬಾಯಲ್ಲಿ ಕ್ಯಾಬಿನೆಟ್. ಅದನ್ನು ಆರಿಸಿ ತರಲು ತಾನೇ ಹೋಗುತ್ತೇನೆಂದು ಮಾವ ಎದ್ದು ನಿಂತರು. ಹೆಂಡತಿಗಾಗಿ ಮಾಡಬಹುದಾದ ಕೆಲಸ ಅದೊಂದೇ ಅವರ ಕೈಗೆ ಸಿಕ್ಕಿತ್ತು, ಬಿಡುತ್ತಾರೆಯೇ?

"ಮಾವಾರ, ಚಂದ ನೋಡಬ್ಯಾಡ್ರಿ. ಎತ್ತಾಕ ಜಡ ಇದ್ದದ್ದ ತರ್ರಿ" ಎಂದು ಪ್ರಾಜಕ್ತಾ ಹೇಳಿ ಕಳಿಸಿದಳು.

ಮಿರಜದ ಅಂಗಡಿಯ ಮಯೂರ ಪರಿಚಯದವನೇ. ಅವನು ಮೊದಲು ತೋರಿಸಿದ್ದು ಕರಿಯ ಬಣ್ಣದ, ಅಂದಚಂದವಿಲ್ಲದ ಒಂದು ಡಬ್ಬ. ಎತ್ತಲು ಎರಡು ಕೈ ಬೇಕು, ಪಕ್ಕದ ಬಾಗಿಲುಗಳ ಒಳಗೆ ಸದ್ದು ಹೀರುವ ದಪ್ಪ ಸ್ಪಂಜು ಅಂಟಿಸಿದ್ದರು. ಗುರುಸಿದ್ಧಪ್ಪನವರು ಬಗ್ಗಿ, ಕಿವಿ ಹತ್ತಿರ ತಂದು, ಬೆರಳ ಗೆಣ್ಣಿನಿಂದ ತಟ್ಟಿದರು. ಧಪ್. ಮುಖ ಕಿವುಚಿದರು. ಪಕ್ಕದಲ್ಲಿ ದೀಪ ಮಿನುಗುತ್ತಿದ್ದ ಹಗುರವಾದದ್ದನ್ನು ತಟ್ಟಿದರು. ಠಣ್. ಐವತ್ತು ವರ್ಷ ಅನ್ನ ಕೊಟ್ಟ ಸದ್ದು ಅದು.

"ಕಾಕಾ, ಅದು ಆಟಾ ಆಡೋ ಹುಡುಗರದ್ರಿ. ನಿಮಗ ಇದ ಬೇಕ" ಎಂದ ಮಯೂರ.

"ಸಪ್ಪಳಾ ಕೇಳಿದೇನ? ಧಪ್ ಅಂತೈತಿ. ಒಳಗ ಹಸೀ ಐತಿ ಅದು."

ಕಬ್ಬಿಣದೊಳಗೆ ಹಸಿ ಎಲ್ಲಿಂದ ಬರಬೇಕು? ಮಯೂರ ಇನ್ನೊಂದು ಸಲ ಹೇಳಿ ನೋಡಿ ಸುಮ್ಮನಾದ. ತಂದೆಯ ವಯಸ್ಸಿನ ಗಿರಾಕಿಯೊಡನೆ ಅವನಾದರೂ ಎಷ್ಟೆಂದು ವಾದಿಸಿಯಾನು. ಗುರುಸಿದ್ಧಪ್ಪನವರು ಠಣ್ ಎನ್ನುವ ಡಬ್ಬವನ್ನು ಎದೆಗೆ ಅವಚಿಕೊಂಡು, ಮದುವೆಗೆ ಹೆಣ್ಣು ಗೊತ್ತುಮಾಡಿದವರ ಠೀವಿಯಲ್ಲಿ ಸಾಂಗಲಿಯ ಬಸ್ಸು ಹತ್ತಿದರು.

ಪ್ರಾಜಕ್ತಾ ಅಂದೇ ಎಲ್ಲವನ್ನೂ ಅದರೊಳಗೆ ಜೋಡಿಸಿದಳು. ಗುಂಡಿ ಒತ್ತಿದ್ದೇ ತಡ, ಆ ತೆಳ್ಳನೆಯ ತಗಡು ಫ್ಯಾನಿನ ಸಣ್ಣ ನಡುಕವನ್ನೂ ಹಿಡಿದು ದೊಡ್ಡದು ಮಾಡಿ ಝೇಂಕರಿಸತೊಡಗಿತು. ಹಳೆಯದೇ ವಾಸಿ ಎನ್ನುವಂತಾಯಿತು, ಆದರೆ ಅದನ್ನು ಮಾವ ಆಗಲೇ ಗುಜರಿಯವನಿಗೆ ಕೊಟ್ಟಾಗಿತ್ತು. ಸೊಸೆ ಸ್ಕ್ರೂಗಳನ್ನು ಒಂದೊಂದಾಗಿ ಮತ್ತೆ ಬಿಗಿದಳು. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಮಾವನಿಗೆ ಅನಿಸಿತು. ಮರುದಿನ ಯಾರಿಗೂ ಹೇಳದೆ ಹಳೆಯ ಕೌದಿಯೊಂದನ್ನು ಅದಕ್ಕೆ ಸುತ್ತಿದರು. ಉಸಿರುಗಟ್ಟಿ ಯಂತ್ರ ನಿಂತಿತು, ಅರ್ಧ ಮದುವೆ ಹಾಳಾಯಿತು. ಬಿಚ್ಚಿದ ಡಬ್ಬವನ್ನು ವಾಪಸು ತೆಗೆದುಕೊಳ್ಳುವ ರೂಢಿ ಇಲ್ಲ. ನಾಚಿಕೆ ನುಂಗಿ ಮತ್ತೆ ಮಿರಜಕ್ಕೆ ಹೋದರೆ ಆ ಧಪ್ ಎನ್ನುವುದು ಮಾರಾಟವಾಗಿ ಹೋಗಿತ್ತು. ಪುಣೆಯಿಂದ ತರಿಸಬೇಕು, ಹಬ್ಬದ ಗದ್ದಲ, ಮೂರು ವಾರವಾದರೂ ಬೇಕು ಎಂದ ಮಯೂರ.

ಅರಿಷಿಣ ಹಸಿಯಿದ್ದರೆ ಇನ್ನೆರಡು ವಾರ ಬಿಸಿಲಿಗೆ ಹಾಕಿ ಎನ್ನಬಹುದು. ಆಕೆಯ ಗಂಟಲಿಗೆ ತುಸು ತಾಳು ಎಂದು ಹೇಳುವವರು ಯಾರು?

ದಸರೆಯ ಬನ್ನಿ ಹಂಚಿದ ಮರುದಿನ ಮಧ್ಯಾಹ್ನ ಸುಶೀಲಾಬಾಯಿ ಗಂಡನನ್ನು ನೋಡುತ್ತ ಏನೋ ಹೇಳಿದಳು. ಒಂದು ಪದವಲ್ಲ, ಐದಾರು ಪದ. ನಡುನಡುವೆ ದಣಿವಾರಿಸಿಕೊಂಡು, ಕೊನೆಗೆ ಹುಬ್ಬು ಏರಿಸಿ, ಏನನ್ನೋ ಕೇಳುವ ಹಾಗೆ. ಮೂಲೆಯ ಝೇಂಕಾರದಲ್ಲಿ ಅವರಿಗೆ ಒಂದಕ್ಷರವೂ ತಿಳಿಯಲಿಲ್ಲ. ಆಕೆಯ ಹಣೆಯ ಮೇಲೆ ಬೆವರು ಮೂಡಿತ್ತು. ಮತ್ತೊಮ್ಮೆ ಹೇಳು ಎನ್ನಲು ಮನಸ್ಸಾಗದೆ ಹೂಂ ಎಂದುಬಿಟ್ಟರು. ಆಕೆ ನಕ್ಕಳು, ಕಣ್ಣು ಮುಚ್ಚಿಕೊಂಡಳು.

ಕರಿಯ ಡಬ್ಬ ಬಂದದ್ದು ಹೇಳಿಟ್ಟ ಇಪ್ಪತ್ತೆರಡನೆಯ ದಿನ. ಪ್ರಾಜಕ್ತಾ ಗುಂಡಿ ಒತ್ತಿ, ನಡೆಯುತ್ತಿದೆ ಎಂದಳು. ಮಾವ ನಂಬಲಿಲ್ಲ, ಹತ್ತಿರ ಹೋಗಿ ಕಿವಿಗೊಟ್ಟರೂ ಏನೂ ಕೇಳಲಿಲ್ಲ. ಬೀದಿಯಲ್ಲಿ ಮೆಂತ್ಯ ಮಾರುವವಳ ಕೂಗು ಕೇಳಿಸಿತು, ಅಡಿಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಕುರ್ಚಿಯನ್ನು ಮಂಚಕ್ಕೆ ಆನಿಸಿ ಕುಳಿತರು. ಸುಶೀಲಾಬಾಯಿ ತುಟಿ ಅಲ್ಲಾಡಿಸಿದಳು. ಉಸಿರು ಬಂತು, ಧ್ವನಿ ಬರಲಿಲ್ಲ.

ಯಾವಾಗ ಹೋಯಿತು ಎಂದು ಸೊಸೆಯನ್ನು ಕೇಳಿದರು. ಅವಳಿಗೂ ಗೊತ್ತಿರಲಿಲ್ಲ. ನಿನ್ನೆಯೋ, ಹೋದ ವಾರವೋ. ಆ ಝೇಂಕಾರದ ಅಡಿಯಲ್ಲಿ ಮಾತು ಯಾವ ದಿನ ನಿಂತಿತೆಂದು ಮನೆಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಪ್ರಾಜಕ್ತಾ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಹೊರಗೆ ಒಯ್ಯಲೆಂದು ಇಟ್ಟಿದ್ದ ತಗಡಿನ ಡಬ್ಬ ಮಂಚಕ್ಕೆ ತಾಗಿಕೊಂಡೇ ಇತ್ತು. ಸುಶೀಲಾಬಾಯಿಯ ಕೈ ಹಾಸಿಗೆಯಿಂದ ಜಾರಿ, ಬೆರಳಿನ ಉಂಗುರ ಅದಕ್ಕೆ ಬಡಿಯಿತು. ಠಣ್. ಗುರುಸಿದ್ಧಪ್ಪನವರು ಎದ್ದು ಬಾಗಿ, ನೀರು ಬೇಕೇ, ಮಗ್ಗಲು ಬದಲಿಸಬೇಕೇ, ಕಿಟಕಿ ತೆಗೆಯಬೇಕೇ ಎಂದು ಕೇಳಿದರು. ಎಲ್ಲದಕ್ಕೂ ಆಕೆಯ ಕಣ್ಣು ಅಲ್ಲವೆಂದಿತು. ಅವರಿಗೆ ತಡೆಯಲಾಗಲಿಲ್ಲ.

"ಬನ್ನಿ ಕೊಟ್ಟ ಮರುದಿನ ನೀ ಏನೋ ಕೇಳಿದಿ. ನಾ ಹೂಂ ಅಂದ್ನಿ. ಖರೇ ಹೇಳತೇನಿ, ನನಗ ಕೇಳಿಸಿದ್ದಿಲ್ಲ."

ಆಕೆಯ ತುಟಿಗಳು ನಿಧಾನವಾಗಿ ಅಲ್ಲಾಡಿದವು. ಅಂದಿನಷ್ಟೇ ಉದ್ದ, ಐದಾರು ಪದ, ಕೊನೆಗೆ ಅದೇ ಹುಬ್ಬು. ಕೋಣೆಯಲ್ಲಿ ಒಂದಿಷ್ಟೂ ಸದ್ದಿರಲಿಲ್ಲ. ಗುರುಸಿದ್ಧಪ್ಪನವರು ಕಿವಿಯನ್ನು ಆಕೆಯ ತುಟಿಗೆ ತಾಗಿಸಿ ಹಿಡಿದರು. ಬೆಚ್ಚಗಿನ ಉಸಿರು ತಗಲಿತು, ಅಷ್ಟೇ. ಮುಖ ಎತ್ತಿ ನೋಡಿದರೆ ಆಕೆ ಉತ್ತರಕ್ಕೆ ಕಾಯುತ್ತಿದ್ದಳು.