ಹಾಯಿಯ ನೆರಳಿನ ಶಾಲೆ

ನಮ್ಮ ಕಟ್ಟಡದ ಮೇಲಿನ ಮಹಡಿಯ ಒಂಟಿ ಕೋಣೆಗೆ ಬಾಡಿಗೆಗೆ ಬಂದ ಹೆಂಗಸು ಜೈಲಿನಿಂದ ಬಿಡುಗಡೆಯಾಗಿ ಬಂದವರು ಎಂದು ಮೊದಲು ಪತ್ತೆ ಹಚ್ಚಿದವನು ನಾನೇ. ನಿವಾಸಿಗಳ ಸಂಘದ ಕಾರ್ಯದರ್ಶಿಯ ಮೂಗಿಗೆ ಇಂಥವೆಲ್ಲ ಬೇಗ ಬಡಿಯುತ್ತವೆ. ನೀರಿನ ಟ್ಯಾಂಕು ತುಂಬಿತೇ ಎಂದು ಇಣುಕಿ ನೋಡುವುದನ್ನು ಬಿಟ್ಟರೆ ಈ ಹುದ್ದೆಗೆ ಬೇರೆ ಕೆಲಸವಿಲ್ಲ. ಆದರೆ ನನ್ನ ಬಾಗಿಲಿಗೆ ಹಾಕಿಸಿರುವ ಬೋರ್ಡು ನೋಡಿದವರು ಒಳಗೆ ಮಂತ್ರಿಯೇ ಕೂತಿದ್ದಾರೆ ಅಂದುಕೊಳ್ಳಬೇಕು, ಅಷ್ಟು ದೊಡ್ಡದು.

ಸಾಕ್ಷ್ಯಗಳಿಗೇನೂ ಕೊರತೆ ಇರಲಿಲ್ಲ. ಆಕೆ ಒಂದೇ ಚೊಂಬು ನೀರಿನಲ್ಲಿ ಮುಖ, ಕೈ, ಕಾಲು, ಕೊನೆಗೆ ಕರವಸ್ತ್ರವನ್ನೂ ತೊಳೆದು ಮುಗಿಸುತ್ತಿದ್ದರು. ಕೋಣೆಯ ಸಾಮಾನನ್ನೆಲ್ಲ ದಾರದಲ್ಲಿ ಕಟ್ಟಿಹಾಕಿದ್ದರು. ಲೋಟ ಮೊಳೆಗೆ, ಬಾಚಣಿಗೆ ಕಿಟಕಿಯ ಸರಳಿಗೆ, ಗಡಿಯಾರ ಮಂಚದ ಕಾಲಿಗೆ. ಸಂಜೆ ತಾರಸಿಯಲ್ಲಿ ಕುದುರೆ ಓಡಿಸುವಷ್ಟು ಜಾಗವಿದ್ದರೂ ಒಂದು ಮೂಲೆ ಹಿಡಿದು ಕೆಲವೇ ಹೆಜ್ಜೆ ಆಚೆ, ಕೆಲವೇ ಹೆಜ್ಜೆ ಈಚೆ. ಇಕ್ಕಟ್ಟಿನಲ್ಲಿ ವರ್ಷಗಟ್ಟಲೆ ಕೂಡಿಹಾಕಿದವರು ಮಾತ್ರ ಹೀಗೆ ನಡೆಯುತ್ತಾರೆ ಎಂದು ನನ್ನಾಕೆಗೆ ಗುಟ್ಟಾಗಿ ಹೇಳಿದೆ. ಗುಟ್ಟು ಅಂದದ್ದರಿಂದ ಮಾರನೆಯ ದಿನದೊಳಗೆ ಕಟ್ಟಡಕ್ಕೆಲ್ಲ ಗೊತ್ತಾಯಿತು.

ಕಾರ್ಯದರ್ಶಿಯಾದವನು ವಿಚಾರಣೆ ಮಾಡದೆ ಇರಲಾದೀತೇ? ಹೋದೆ. ಆಕೆ ಟೀ ಕೊಟ್ಟರು. ಲೋಟದಲ್ಲಿ ಅರ್ಧಕ್ಕಿಂತ ಕೆಳಗೇ ಇತ್ತು. ಜಿಪುಣಿ ಎಂಬುದನ್ನೂ ಮನಸ್ಸಿನಲ್ಲೇ ಬರೆದುಕೊಂಡೆ.

“ಅಲ್ಲಿ ಬಹಳ ವರ್ಷ ಇದ್ರಾ?” ದನಿಗೆ ಆದಷ್ಟು ಬೆಣ್ಣೆ ಸವರಿ ಕೇಳಿದೆ.

“ಆರು ವರ್ಷ.”

“ಅಷ್ಟು ಸಣ್ಣ ಜಾಗದಲ್ಲಿ ಕಷ್ಟ ಅಲ್ವಾ?”

“ಮೊದಮೊದಲು ತಿಂದಿದ್ದೆಲ್ಲ ವಾಂತಿ ಆಗ್ತಿತ್ತು. ಆಮೇಲೆ ಒಗ್ಗಿಹೋಯ್ತು.”

“ಒಳ್ಳೆ ನಡತೆ ನೋಡಿ ಬೇಗ ಬಿಟ್ರೇನೋ?”

“ಎಲ್ಲಿಯ ನಡತೆ! ಕೆಲಸ ಸರಿ ಇಲ್ಲ ಅಂತ ಬಿಡಿಸಿದ್ರು.”

ಕೆಲಸ ಸರಿಯಿಲ್ಲವೆಂದು ಕೈದಿಯನ್ನು ಹೊರಗೆ ಹಾಕುವ ಜೈಲು ಯಾವುದಪ್ಪ ಎಂದು ತಲೆ ಕೆರೆದುಕೊಂಡೆ. ಕೆರೆದುಕೊಂಡದ್ದು ಸಾಲದೆ ಬಾಯಿಬಿಟ್ಟು ಕೇಳಿಯೂಬಿಟ್ಟೆ. ಆಕೆ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೂ ನೀರು ನಿಲ್ಲದ್ದನ್ನು ನೋಡಿ ನಾನು ಲೋಟದ ತಳ ನೋಡುತ್ತ ಕೂತೆ.

“ಜೈಲಲ್ಲ ಸ್ವಾಮಿ, ಹಾಯಿ ದೋಣಿ. ಅದರಲ್ಲಿದ್ದ ಒಂದು ಮಗುವಿಗೆ ಪಾಠ ಹೇಳ್ತಿದ್ದೆ.”

ಅಂದಿನಿಂದ ಅವರು ನಮ್ಮ ಕಟ್ಟಡಕ್ಕೆ ಹಡಗಿನ ಟೀಚರು. ಸಂಜೆ ಹೊತ್ತು ಮಕ್ಕಳೆಲ್ಲ ಲೆಕ್ಕ ಹೇಳಿಸಿಕೊಳ್ಳಲು ಅವರಲ್ಲಿಗೇ ಹತ್ತುತ್ತವೆ. ಮುಂದಿನದೆಲ್ಲ ನನಗೆ ಗೊತ್ತಾದದ್ದು ಅರ್ಧರ್ಧ ಲೋಟ ಟೀ ಕುಡಿಯುತ್ತ, ಅರ್ಧರ್ಧವಾಗಿಯೇ. ಅಂದ ಹಾಗೆ, ಅದು ಜಿಪುಣತನವಲ್ಲ. ನೆಲ ಓಲಾಡುವ ಕಡೆ ಲೋಟ ತುಂಬಿಸಿದವರು ಟೀಯನ್ನು ಮಡಿಲಲ್ಲಿ ಕುಡಿಯಬೇಕಾಗುತ್ತದಂತೆ.

ಆ ದೋಣಿಯ ಯಜಮಾನರು ಬಣ್ಣದ ಕಾರ್ಖಾನೆ ಮಾರಿ ಸಮುದ್ರಕ್ಕೆ ಇಳಿದವರು. ಬಿಸಿಲಿನ ಸಮುದ್ರಗಳಲ್ಲಿ ದ್ವೀಪದಿಂದ ದ್ವೀಪಕ್ಕೆ, ಗಾಳಿ ಕರೆದ ಕಡೆಗೆ ಸಂಸಾರ ಸಮೇತ ಹೋಗುತ್ತಿರುವುದೇ ಅವರ ಬದುಕು. ತಮ್ಮನ್ನು ಕ್ಯಾಪ್ಟನ್ ಎಂದೇ ಕರೆಯಬೇಕೆಂದು ಅವರ ಆಜ್ಞೆ. ಚಿನ್ನದ ದಾರದ ಟೋಪಿ ಹಾಕಿಕೊಂಡೇ ಹಲ್ಲುಜ್ಜುತ್ತಿದ್ದರಂತೆ. ನನ್ನ ಬೋರ್ಡು ನೆನಪಾಗಿ ನಾನು ಹೆಚ್ಚು ನಗಲಿಲ್ಲ. ಅವರ ಹೆಂಡತಿ ಅಮ್ಮಾವ್ರು. ಗಾಳಿ ಜೋರಾದರೆ ಮಲಗುವುದು, ಗಾಳಿ ನಿಂತರೆ ಸೆಖೆಗೆ ಮಲಗುವುದು ಅವರ ದಿನಚರಿ. ಇಬ್ಬರ ಒಬ್ಬಳೇ ಮಗಳಿಗೆ ಟೀಚರು ಇಟ್ಟ ಹೆಸರು ಕಡ್ಡಿ.

“ಬೆಂಕಿಕಡ್ಡಿ ಥರ ಇದ್ಲು ನೋಡಿ. ಕಾಲು ಸಣ್ಣ, ತಲೆ ತುಂಬ ಕೂದಲು. ಗೀರಿದ್ರೆ ಭಗ್ ಅನ್ನೋಳು.”

ಟೀಚರು ಮೊದಲು ಬಂದರಿನ ಊರಿನ ಒಂದು ಸಣ್ಣ ಶಾಲೆಯಲ್ಲಿದ್ದರು. ಆ ಶಾಲೆ ಮುಚ್ಚಿತು. ಹಿಂದಿಲ್ಲ, ಮುಂದಿಲ್ಲ. ಈಜು ಬರುವುದಿಲ್ಲ, ನೀರು ಕಂಡರೆ ಕೈಕಾಲು ತಣ್ಣಗೆ. ಆದರೂ ಕ್ಯಾಪ್ಟನ್ ಕರೆದಾಗ ದೋಣಿ ಹತ್ತಿದರು. ಹತ್ತಿದ ದಿನ ಕಡ್ಡಿ ಇವರನ್ನು ಮೇಲಿಂದ ಕೆಳಗೆ ಅಳೆದು, “ಇವರಿಗೆ ಭಯ ಆಗ್ತಿದೆ, ನನ್ನ ಪಕ್ಕ ಮಲಗಿಸ್ಕೊಳ್ತೀನಿ” ಅಂದಳಂತೆ. ಕಪಾಟಿನಂಥ ಕೋಣೆಯಲ್ಲಿ ಒಂದರ ಮೇಲೊಂದು ಎರಡು ಹಲಗೆ. ಮೇಲಿನದರಲ್ಲಿ ಮಗು, ಕೆಳಗಿನದರಲ್ಲಿ ಟೀಚರು.

ಬೆಳಗಾದರೆ ಮೊದಲ ಕೆಲಸ ಜಡೆ. ಉಪ್ಪುಗಾಳಿಗೆ ಬಿಟ್ಟರೆ ಕೂದಲು ಹಗ್ಗವಾಗುತ್ತದೆ. ಅದಕ್ಕೆ ಮಗುವನ್ನು ಮೊಣಕಾಲಿನ ನಡುವೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ಬಿಗಿಯಾಗಿ ಹೆಣೆದು, ತುದಿಗೆ ಹಾಯಿ ಹೊಲಿಯುವ ದಾರ ಸುತ್ತಬೇಕು. ಮಗ್ಗಿ ಬಾಯಿಪಾಠ ಆದದ್ದೆಲ್ಲ ಅಲ್ಲೇ. ತಪ್ಪಿದರೆ ಜಡೆಗೆ ಒಂದು ಜಗ್ಗು. ಜಡೆ ಮುಗಿದ ಮೇಲೆ ಹಾಯಿಯ ನೆರಳಿನಲ್ಲಿ ಶಾಲೆ. ನೆರಳು ಸರಿದಂತೆ ಶಾಲೆಯೂ ಸರಿಯುತ್ತಿತ್ತು. ಭಾಗಾಕಾರದ ನಡುವೆ ಗಾಳಿ ತಿರುಗಿದರೆ ಕ್ಯಾಪ್ಟನ್ ಕೂಗುತ್ತಿದ್ದರು. ಟೀಚರು, ಶಿಷ್ಯೆ ಇಬ್ಬರೂ ಹಗ್ಗ ಎಳೆದು ಬಂದು, ಬಿಟ್ಟ ಶೇಷವನ್ನು ಮತ್ತೆ ಹಿಡಿಯಬೇಕು. ಪಾಠ ಮುಗಿದ ಗಂಟೆ ಹೊಡೆಯುವ ತನಕ ‘ಟೀಚರ್’. ಹೊಡೆದ ಮರುಕ್ಷಣ ‘ಅತ್ತೆ’.

ಆ ಗಂಟೆಯ ಜೊತೆಗೆ ಇನ್ನೊಂದು ನಿಯಮವಿತ್ತು. ದೋಣಿಯಲ್ಲಿ ಕಾಗದ ಇಡಲು ಜಾಗವಿಲ್ಲ. ಇಟ್ಟರೂ ತೇವಕ್ಕೆ ಬೂಷ್ಟು. ದೊಡ್ಡ ಬಂದರು ಸಿಗುವ ತನಕ ಹೊಸದು ಸಿಗುವುದಿಲ್ಲ. ಆದ್ದರಿಂದ ಎಲ್ಲವನ್ನೂ ಪೆನ್ಸಿಲಿನಲ್ಲೇ ಬರೆಯಬೇಕು. ಪಕ್ಕದಲ್ಲೇ ಕೂತ ಟೀಚರು ಆಗಿಂದಾಗಲೇ ತಿದ್ದಬೇಕು. ಗಂಟೆಯಾದೊಡನೆ ಬರೆದದ್ದನ್ನೆಲ್ಲ ಅಳಿಸಿ, ಪುಡಿ ಊದಿ, ಅಂಗೈಯಲ್ಲಿ ನೀವಿ, ಶುಭ್ರವಾದ ಹಾಳೆ ಒಪ್ಪಿಸಬೇಕು. ರಬ್ಬರು ಸವೆದುಹೋದಾಗ ಒಣ ಬ್ರೆಡ್ಡಿನ ಚೂರು. ಒಂದೇ ಹಾಳೆಯ ಮೇಲೆ ಒಂದು ಇಡೀ ಋತುವಿನ ಭೂಗೋಳ ನಡೆದುಹೋಗುತ್ತಿತ್ತು. ಹಾಳೆಗಳು ಹಳೆಯ ಬಟ್ಟೆಯಷ್ಟು ಮೆತ್ತಗಾಗಿದ್ದವಂತೆ.

“ಒಂದು ಗೀಟು ಉಳಿದಿದ್ರೂ ವಾಪಸ್ ಕೊಡ್ತಿದ್ದೆ” ಎಂದರು ಟೀಚರು. “ಅಷ್ಟು ಶಿಸ್ತು ನನ್ನದು.”

ಕಡ್ಡಿ ಬೆಳೆದಳು. ಮೇಲಿನ ಹಲಗೆ ಕಾಲಿಗೆ ಸಾಲದಾಯಿತು. ದಡದಲ್ಲಿ ಒಂದು ಒಳ್ಳೆಯ ಶಾಲೆಗೆ ಸೇರಿಸುವುದೆಂದು ತೀರ್ಮಾನವಾಯಿತು. ಪ್ರವೇಶ ಪರೀಕ್ಷೆಯಲ್ಲಿ ಗೆದ್ದರೆ ಅವಳ ವಯಸ್ಸಿನ ತರಗತಿಯಲ್ಲಿ ಸೀಟು. ಆಗ ಕ್ಯಾಪ್ಟನ್ ಟೋಪಿ ಸರಿಮಾಡಿಕೊಂಡು ಮಾತು ಕೊಟ್ಟರು: “ಅವಳು ಪಾಸಾಗಲಿ ಟೀಚರೇ. ಶಾಲೆ ಹತ್ರಾನೇ ಮನೆ ಮಾಡ್ಕೊಡ್ತೀನಿ. ಓದು ಮುಗಿಯೋ ತನಕ ನೀವಿಬ್ರೂ ಅಲ್ಲೇ ಇರಿ. ಹಾಸ್ಟೆಲ್ಲು ಗೀಸ್ಟೆಲ್ಲು ಬೇಡ.”

ಟೀಚರು ಆ ಮನೆಗೆ ಮನಸ್ಸಿನಲ್ಲೇ ಪರದೆ ಕಟ್ಟಿದರು. ಯಾವ ಕಿಟಕಿಯ ಬಳಿ ಕೂತು ಜಡೆ ಹಾಕುವುದು ಎಂಬುದೂ ಗೊತ್ತಾಗಿಹೋಗಿತ್ತು. ಕಡ್ಡಿ ಕೇಳಿದ್ದು ಒಂದೇ: “ಆ ಮನೆ ಅಲ್ಲಾಡಲ್ವಾ ಅತ್ತೆ? ನಂಗೆ ನಿದ್ದೆ ಬರುತ್ತಾ?” “ಬರದಿದ್ರೆ ಮಂಚ ನಾನು ಅಲ್ಲಾಡಿಸ್ತೀನಿ ಬಿಡೇ” ಎಂದಿದ್ದರು ಇವರು.

ಪರೀಕ್ಷೆಯ ದಿನ ಶಾಲೆಯ ಜಗುಲಿಯ ಬೆಂಚಿನ ಮೇಲೆ ಮೂವರೂ ಕಾದರು. ಒಳಗೆ ಗಂಟೆ ಹೊಡೆಯಿತು. ಸ್ವಲ್ಪ ಹೊತ್ತಿಗೆ ಕಡ್ಡಿ ಓಡಿಬಂದಳು. ಅಪ್ಪ ಅಮ್ಮ ಆಫೀಸಿನ ಕಡೆ ಎದ್ದು ಹೋಗಿದ್ದರು. ಅವಳ ಲಂಗದ ತುಂಬ ರಬ್ಬರಿನ ಪುಡಿ.

“ಅತ್ತೆ! ಎಲ್ಲಾ ಬಂತು! ಒಂದನ್ನೂ ಬಿಡ್ಲಿಲ್ಲ!”

“ಮತ್ತೆ ಈ ಪುಡಿ?”

“ಗಂಟೆ ಆಯ್ತಲ್ಲ! ಬೇರೆ ಮಕ್ಳು ಹಾಗೇ ಕೊಟ್ಬಿಟ್ರು ಅತ್ತೆ, ಗಲೀಜು ಗಲೀಜಾಗಿ. ನಾನು ಒಂದು ಗೀಟೂ ಉಳಿಸದೆ ಕೊಟ್ಟೆ.”

ಇದನ್ನು ಹೇಳುವಾಗ ಟೀಚರು ನನ್ನ ಕಡೆ ನೋಡಲಿಲ್ಲ. ಮಂಚದ ಕಾಲಿನ ಗಡಿಯಾರಕ್ಕೆ ಕಟ್ಟಿದ ದಾರ ಬಿಚ್ಚಿ ಮತ್ತೆ ಕಟ್ಟಿದರು.

“ನೀವೇನಂದ್ರಿ?”

“ಭೇಷ್ ಅಂದೆ. ಇನ್ನೇನು ಅನ್ಲಿ? ಮುಖ ಹಾಗೆ ಹೊಳೀತಿತ್ತು.”

ಮಗುವನ್ನು ನಲ್ಲಿಯ ಹತ್ತಿರ ಕೈ ತೊಳೆಯಲು ಕಳಿಸಿ, ಟೀಚರು ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹಿಂಬಾಗಿಲಿನಿಂದ ಹೋದರು. ಮೇಜಿನ ಮೇಲಿದ್ದ ಉತ್ತರಗಳ ರಾಶಿಯಿಂದ ಕಡ್ಡಿಯ ಹಾಳೆ ಹುಡುಕಿ, ಕಿಟಕಿಗೆ ಹಿಡಿದು ತೋರಿಸಿದರು. ಪೆನ್ಸಿಲು ಒತ್ತಿದ ತಗ್ಗುಗಳಲ್ಲಿ ಉತ್ತರಗಳೆಲ್ಲ ಮಸುಕಾಗಿ ಕಾಣುತ್ತಿದ್ದವು. ಆ ಹೆಂಗಸು ಕನ್ನಡಕ ಏರಿಸಿ ನೋಡಿದರು. ಕೆಟ್ಟವರಲ್ಲ. “ಕಾಣುತ್ತೆ ಕಣಮ್ಮ. ಆದ್ರೆ ಅಳಿಸಿದ್ದಕ್ಕೆ ನಾನು ಅಂಕ ಹೇಗೆ ಕೊಡ್ಲಿ? ಕೆಳಗಿನ ತರಗತಿಗೆ ಬೇಕಾದ್ರೆ ಸೇರಿಸ್ಕೊಳ್ತೀನಿ. ಈ ವರ್ಷಕ್ಕೆ ಇಷ್ಟೇ” ಎಂದರು.

ಖಾಲಿ ಹಾಳೆಯ ಸುದ್ದಿ ಆಫೀಸಿನವರಿಂದ ಕ್ಯಾಪ್ಟನ್‌ಗೆ ಮುಟ್ಟಿದಾಗ ಕಡ್ಡಿ ಟೀಚರ ಕೈ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು.

“ಒಂದು ಅಕ್ಷರ ಬರೆದಿಲ್ವಂತೆ! ಇಷ್ಟು ವರ್ಷ ಏನ್ರೀ ಕಲಿಸಿದ್ರಿ?”

ಕಡ್ಡಿ ಬಾಯಿ ತೆರೆದಳು. ಟೀಚರು ಅವಳ ಕೈ ಅದುಮಿದರು. “ನನಗೆ ಕಲಿಸೋಕೆ ಬರಲಿಲ್ಲ, ಕ್ಯಾಪ್ಟನ್” ಎಂದರು.

ನಾನು ಲೋಟ ಕೆಳಗಿಟ್ಟೆ. “ಅಲ್ಲಾ, ನಿಜ ಹೇಳೋದು ತಾನೇ? ಒಂದೇ ಮಾತಿನ ಕೆಲಸ!”

“ಹೇಳಿದ್ರೆ? ಅತ್ತೆಯನ್ನ ಕಳಿಸಿದ್ದು ನನ್ನ ರಬ್ಬರು ಅಂತ ಆ ಮಗು ಸಾಯೋ ತನಕ ಹೊತ್ಕೊಂಡು ತಿರುಗಬೇಕಿತ್ತು.”

“ಆಮೇಲೆ ಕ್ಯಾಪ್ಟನ್‌ಗೆ ಒಬ್ಬರಿಗೇ, ಗುಟ್ಟಾಗಿ...”

“ಅವರ ಗುಟ್ಟೂ ನಿಮ್ಮ ಗುಟ್ಟಿನ ಹಾಗೇ ಸ್ವಾಮಿ. ಪ್ರತಿ ಬಂದರಲ್ಲೂ ಊಟಕ್ಕೆ ಬಂದವರಿಗೆಲ್ಲ ಬಡಿಸ್ತಿದ್ರು. ‘ನನ್ನ ಮಗಳು ಏನ್ ಮಾಡಿದ್ಲು ಗೊತ್ತಾ’ ಅಂತ. ಅವಳು ಎದುರಿಗೆ ಕೂತು ಕೇಳಬೇಕು.”

ನಾನು ಖಾಲಿ ಲೋಟವನ್ನೇ ಮತ್ತೆ ಕೈಗೆತ್ತಿಕೊಂಡೆ.

ಕೆಳಗಿನ ತರಗತಿ, ಹಾಸ್ಟೆಲ್ಲು ಎಂದು ತೀರ್ಮಾನವಾಯಿತು. ಕಲಿಸಲು ಬಾರದ ಟೀಚರಿಗೆ ದಡದಲ್ಲಿ ಮನೆ ಏಕೆ? ಮಗುವಿಗೆ ಮಾತ್ರ, ಟೀಚರು ರಜೆ ಮೇಲೆ ಹೋಗುತ್ತಿದ್ದಾರೆ ಎಂದು ಹೇಳಿದರು. ಮಾರನೆಯ ಬೆಳಿಗ್ಗೆ ದೋಣಿಯ ಮೇಲೆ ಕೊನೆಯ ಜಡೆ. ಎಷ್ಟು ನಿಧಾನವಾಗಿ ಹೆಣೆದರೂ ಕೂದಲು ಮುಗಿದೇ ಹೋಯಿತು. ದಾರ ಸುತ್ತಿದರು, ಬೇಕಾದದ್ದಕ್ಕಿಂತ ಹೆಚ್ಚೇ ಸುತ್ತಿದರು.

“ಯಾವಾಗ ಬರ್ತೀಯ ಅತ್ತೆ?”

“ಈ ಜಡೆ ಬಿಚ್ಚೋದ್ರೊಳಗೆ ಬಂದುಬಿಡ್ತೀನಿ ಕಣೇ.”

ಬಾಯಿಗೆ ಬಂದದ್ದು ಹೇಳಿದ್ದು, ಅಷ್ಟೇ. ದೊಡ್ಡವರು ಹಾಗೆ ಎಷ್ಟೋ ಹೇಳುತ್ತೇವೆ. ಮಕ್ಕಳು ಅದನ್ನು ಮಾತು ಎಂದು ತಿಳಿಯುತ್ತಾರೆ.

ಕೆಲವು ತಿಂಗಳ ನಂತರ ಬಂದರಿನ ಊರಿನ ಬಟ್ಟೆ ಅಂಗಡಿಯಲ್ಲಿ ಅಮ್ಮಾವ್ರು ಸಿಕ್ಕರಂತೆ. ಚೆನ್ನಾಗಿದ್ದೀರಾ ಎಂದು ಕೇಳುವುದಕ್ಕೂ ಮುಂಚೆ ದೂರು ಶುರುಮಾಡಿದರು.

“ಏನ್ ಹೇಳಿಕೊಟ್ಟು ಹೋದ್ರಿ ಟೀಚರೇ ನೀವು? ಹಾಸ್ಟೆಲ್ಲಲ್ಲಿ ಜಡೆ ಮುಟ್ಟೋಕೇ ಬಿಡಲಿಲ್ಲ. ಬಿಚ್ಚಬಾರ್ದು, ಬಿಚ್ಚಬಾರ್ದು ಅಂತ ಒಂದೇ ಹಟ. ತಲೆ ಸ್ನಾನ ಇಲ್ಲ, ಬಾಚೋದಿಲ್ಲ. ಗಂಟುಗಂಟಾಗಿ ವಾಸನೆ ಬಂದು, ಕೊನೆಗೆ ಇಬ್ಬರು ಹಿಡ್ಕೊಂಡು ಕತ್ತರಿಸಬೇಕಾಯ್ತು. ಅವತ್ತಿಂದ ನಿಮ್ಮ ಹೆಸರೆತ್ತಲ್ಲ, ಪುಣ್ಯ.”

ಟೀಚರು ಅಂಗಡಿಯಿಂದ ಏನನ್ನೂ ಕೊಳ್ಳದೆ ಬಂದರು. ಆ ಊರನ್ನೂ ಬಿಟ್ಟರು. ದಡ ಕಾಣದ ಊರು ಬೇಕೆಂದು ಹುಡುಕಿಕೊಂಡು ಇಲ್ಲಿಗೆ ಬಂದರು. ನೆಲ ಅಲ್ಲಾಡದಿದ್ದರೂ ಎಲ್ಲವನ್ನೂ ಕಟ್ಟಿಹಾಕಿಕೊಂಡರು.

ಅವರು ಇಷ್ಟು ಹೇಳಿ ಸುಮ್ಮನಾದರು. ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ಬುದ್ಧಿವಂತರ ಲಕ್ಷಣ. ಆದರೆ ಮೌನ ಕಂಡರೆ ಭಾಷಣ ಮಾಡಬೇಕೆನಿಸುವುದು ಕಾರ್ಯದರ್ಶಿಗಳ ರೋಗ. ಏನಾದರೂ ಹಗುರಾದದ್ದು ಹೇಳೋಣವೆಂದು ಗಂಟಲು ಸರಿಮಾಡಿಕೊಂಡೆ.

“ಹೋಗ್ಲಿ ಬಿಡಿ ಟೀಚರೇ. ಎಂಥೆಂಥ ಜಾಗ ನೋಡಿದ್ರಿ! ಆ ನೀಲಿ ನೀರು, ಆ ಸೂರ್ಯಾಸ್ತ... ಸಮುದ್ರ ನೆನಪಾಗಲ್ವಾ ನಿಮಗೆ?”

ಅವರು ನನ್ನ ಕೈಯಿಂದ ಲೋಟ ತೆಗೆದುಕೊಂಡು ಮೊಳೆಗೆ ಕಟ್ಟಿದರು.

“ಸಮುದ್ರ ಏನು ನನ್ನ ಹತ್ರ ಜಡೆ ಹಾಕಿಸ್ಕೊಳ್ತಿತ್ತೇನ್ರೀ?”